ಗಿರಿಮಲ್ಲವ್ವನ ಮನೆಯ ಒಡಲಗಿವಿ

ಒಡಲಗಿವಿ ಕೆಲಸ ಮಾಡುತ್ತಿತ್ತು. ಎಂಟು ತಿಂಗಳ ಬಸುರಿ ದಾಕ್ಷಾಯಣಿಯ ಹೊಟ್ಟೆಗೆ ಸುತ್ತಿದ್ದ ಆ ಮೆತ್ತನೆಯ ಪಟ್ಟಿ, ಒಳಗಿನ ಕೂಸಿನ ಎದೆಬಡಿತವನ್ನು ಹಿಡಿದು ಪಡಸಾಲೆಯ ಸ್ಪೀಕರಿನಲ್ಲಿ ಕೇಳಿಸುತ್ತಿತ್ತು; ಅದೇ ಹೊತ್ತಿಗೆ ಆಸ್ಪತ್ರೆಗೂ ಕಳಿಸುತ್ತಿತ್ತು. ಮನೆಯವರು ಗಾಬರಿಯಾಗಬಾರದೆಂದು ಎಚ್ಚರಿಕೆಯ ಗಂಟೆಯನ್ನು ಮಾತ್ರ ಆಸ್ಪತ್ರೆಯಲ್ಲೇ ಇಟ್ಟಿದ್ದರು. ರಬಕವಿಯಲ್ಲಿ ಆ ಕಾಲಕ್ಕೆ ಒಡಲಗಿವಿ ಕಟ್ಟಿಕೊಳ್ಳದ ಬಸುರಿಯೇ ಇರಲಿಲ್ಲ.

ದಿನಕ್ಕೊಂದು ಮನೆಯಿಂದ ಬಸುರಿಗೆ ಬಯಕೆ ಬುತ್ತಿ ಬರುತ್ತಿತ್ತು; ಅಂದು ಬುತ್ತಿ ತಂದ ಹೆಂಗಸರು ಸುತ್ತ ಕೂತಿದ್ದರು. ಹೋಳಿಗೆ ಉಣ್ಣಿಸಿದ ಮೇಲೆ ಅತ್ತೆ ಗಿರಿಮಲ್ಲವ್ವ ಸೊಸೆಯನ್ನು ಅಂಗಾತ ಮಲಗಿಸಿದಳು. ಹಾಗೆ ಮಲಗಿದರೆ ಸದ್ದು ಸ್ವಚ್ಛ ಕೇಳುತ್ತದೆಂದು ಅವಳೇ ಕಂಡುಕೊಂಡಿದ್ದಳು. ಕುದುರೆ ಓಡಿದಂತೆ ಬಡಿಯುತ್ತಿದ್ದ ಪುಟ್ಟ ಎದೆ ಸ್ವಲ್ಪ ಹೊತ್ತಿಗೆ ನಿಧಾನವಾಯಿತು.

“ಕೇಳ್ರೆವ್ವಾ! ನಿಮ್ಮ ದನಿ ಕೇಳಿ ಕೂಸು ಹೆಂಗ ಸಮಾಧಾನ ಆತು!” ಗಿರಿಮಲ್ಲವ್ವ ಹಿಗ್ಗಿದಳು.

“ಅಪ್ಪನಂಗ ಆಗೇತಿ. ನಾಕು ಮಂದಿ ಬಂದ್ರ ನಿದ್ದಿ ಬರತೈತಿ,” ಎಂದು ಒಬ್ಬಳು ಹಂಗಿಸಿದಳು.

ಅತ್ತ ಆಸ್ಪತ್ರೆಯಲ್ಲಿ ಗಂಟೆ ಹೊಡೆಯಿತು. ಕೆಲವು ದಿನಗಳಿಂದ ಪ್ರತಿ ಮಧ್ಯಾಹ್ನವೂ ಹೀಗೆಯೇ. ಒಡಲಗಿವಿಯನ್ನು ಕಂಡುಹಿಡಿದ ಡಾಕ್ಟರ್ ಮಂದಾಕಿನಿ ಹುದ್ದಾರ ಮರುದಿನ ತಾವೇ ಮನೆಗೆ ಬಂದರು.

“ಕೂಸಿಗೆ ಆಮ್ಲಜನಕ ಕಡಿಮಿ ಬೀಳಾಕತ್ತೈತ್ರಿ. ಕಾರಣ ಸಿಗದಿದ್ರ ನಾಳೆನ ಹೊಟ್ಟಿ ಕೊಯ್ದು ತಗೀಬೇಕಾಗತೈತಿ,” ಎಂದರು.

ದಾಕ್ಷಾಯಣಿ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡಳು. “ಇನ್ನಾ ತಿಂಗಳಾ ತುಂಬಿಲ್ಲಲ್ರಿ ಬಾಯಾರ?”

“ಏನ್ ಹೇಳ್ತೀರಿ? ಎದಿ ನಿಧಾನ ಐತಿ ಅಂದ್ರ ಆರಾಮ ಐತಿ ಅಂತಲ್ರಿ?” ಎಂದಳು ಗಿರಿಮಲ್ಲವ್ವ.

“ನಿಮಗ ನನಗ ಹಂಗ, ಅವ್ವಾರ. ನಮಗ ಉಸರು ಕಡಿಮಿ ಬಿದ್ರ ಎದಿ ಓಡತೈತಿ. ಹೊಟ್ಟ್ಯಾಗಿನ ಕೂಸಿಂದು ಉಲ್ಟಾ.”

ಡಾಕ್ಟರ್ ಬಿಡಿಸಿ ಹೇಳಿದರು. ಕೂಸಿನ ಪುಪ್ಪುಸ ಇನ್ನೂ ಕೆಲಸಕ್ಕೆ ಹತ್ತಿರುವುದಿಲ್ಲ. ಅದರ ಪಾಲಿನ ಆಮ್ಲಜನಕವೆಲ್ಲ ತಾಯಿಯ ರಕ್ತದಿಂದ ಮಾಸಿಗೆ, ಮಾಸಿನಿಂದ ಹೊಕ್ಕುಳ ಬಳ್ಳಿಯಲ್ಲಿ ಬರಬೇಕು. ಅದು ಕಡಿಮೆಯಾದರೆ ಹೆಚ್ಚು ಉಸಿರೆಳೆದುಕೊಳ್ಳಲು ದಾರಿಯಿಲ್ಲ. ಆದ್ದರಿಂದ ಕೂಸಿನ ಎದೆ ಬಡಿತವನ್ನು ಇಳಿಸಿ, ತನ್ನ ಖರ್ಚನ್ನು ತಾನೇ ಉಳಿಸುತ್ತದೆ. ಕೈ, ಕಾಲು, ಕರುಳಿನ ರಕ್ತನಾಳಗಳು ಬಿಗಿಯುತ್ತವೆ. ಇದ್ದ ರಕ್ತದಲ್ಲಿ ದೊಡ್ಡ ಪಾಲು ಮೆದುಳಿಗೆ ಮತ್ತು ಎದೆಗೆ ಹೋಗುತ್ತದೆ.

“ಅಂದ್ರ ಹಾಲು ಕಡಿಮಿ ಇದ್ದ ದಿನ ಸಣ್ಣವ್ರಿಗೆ ಕೊಟ್ಟು, ದೊಡ್ಡವ್ರು ಕರೀ ಚಾ ಕುಡದಂಗ,” ಎಂದಳು ಗಿರಿಮಲ್ಲವ್ವ. ಹಾಗೆಂದವಳೇ ಬೆವೆತಳು. “ಯವ್ವಾ! ನಮ್ಮ ಮನ್ಯಾಗ ಇಷ್ಟು ಬುತ್ತಿ ಬಂದಾವು, ಕೂಸು ಕರೀ ಚಾ ಕುಡೀಲಿಕ್ಕತ್ತೈತೇನು?”

ಅಷ್ಟರಲ್ಲಿ ಆ ದಿನದ ಬುತ್ತಿಯವರು ಬಂದರು. ಡಾಕ್ಟರ್ ಸುಮ್ಮನೆ ಕೂತು ನೋಡಿದರು. ಊಟವಾಯಿತು. ದಾಕ್ಷಾಯಣಿಯನ್ನು ಅಂಗಾತ ಮಲಗಿಸಿದರು. ಬಡಿತ ಇಳಿಯತೊಡಗಿತು.

“ಎಡಕ್ಕ ಹೊಳ್ಳು ತಂಗಿ, ಲಗೂನ!”

ದಾಕ್ಷಾಯಣಿ ಹೊರಳಿದಳು. ನಿಮಿಷ ಕಳೆಯುವುದರಲ್ಲಿ ಕುದುರೆ ಮತ್ತೆ ಓಡಿತು. ಡಾಕ್ಟರ್ ಹಣೆ ಒತ್ತಿಕೊಂಡರು. ಅಂಗಾತ ಮಲಗಿದಾಗ ಗರ್ಭದ ಭಾರ ತಾಯಿಯ ಬೆನ್ನಿನ ಬದಿಯ ದೊಡ್ಡ ರಕ್ತನಾಳವನ್ನು ಅದುಮುತ್ತಿತ್ತು. ಮಾಸಿಗೆ ಹೋಗುವ ರಕ್ತ ಕಡಿಮೆಯಾಗುತ್ತಿತ್ತು. ಹೊಟ್ಟೆ ಕೊಯ್ಯುವ ಮಾತು ಅಲ್ಲಿಗೆ ಮುಗಿಯಿತು. ಆದರೆ ಕೂಸಿನ ಉಸಿರು ಕಾಯಲು ಮಾಡಿದ ಯಂತ್ರವೇ, ಅದನ್ನು ಕೇಳಿಸಿಕೊಳ್ಳುವ ಆಸೆಯಿಂದಾಗಿ ಉಸಿರು ಕಡಿಮೆ ಮಾಡಿತ್ತು. ಪ್ರಯೋಗಾಲಯಕ್ಕೆ ಯಾರೂ ಬುತ್ತಿ ತಂದಿರಲಿಲ್ಲ. ಡಾಕ್ಟರಿಗೆ ಇದು ಹೊಳೆಯುವುದಾದರೂ ಹೇಗೆ?

“ಇನ್ ಮ್ಯಾಲ ಕೂಸಿನ ಸಪ್ಪಳ ಯಾರಿಗೂ ಕೇಳಿಸಬ್ಯಾಡ್ರಿ. ಆಕಿ ಮಗ್ಗಲಾಗಿ ಮಲಗಲಿ,” ಎಂದು ಹೇಳಿ ಹೋದರು.

ಹೇಳುವುದು ಸುಲಭ. ಮರುದಿನ ಮುಧೋಳದ ಬೀಗರು ಜೀಪು ತುಂಬಿಕೊಂಡು ಬರುವವರಿದ್ದರು. ಅಷ್ಟು ದೂರದಿಂದ ಕಡಬು ಹೊತ್ತು ತಂದವರಿಗೆ ಕೂಸಿನ ಬಡಿತ ಕೇಳಿಸುವುದಿಲ್ಲ ಅನ್ನುವುದು ಹೇಗೆ? ಗಿರಿಮಲ್ಲವ್ವ ಸೊಸೆಯನ್ನು ಒಳಕೋಣೆಯಲ್ಲಿ ಎಡಮಗ್ಗುಲಾಗಿ ಮಲಗಿಸಿದಳು. ಪಟ್ಟಿ ಬಿಚ್ಚಿ ತನ್ನ ಗಂಡ ಚನಮಲ್ಲಪ್ಪನ ಹೊಟ್ಟೆಗೆ ಕಟ್ಟಿ, ಪರದೆಯ ಹಿಂದೆ ಮಲಗಿಸಿದಳು.

“ಕೆಮ್ಮಿದ್ರ ನೋಡ್ರಿ ಮತ್ತ!”

“ಈ ವಯಸ್ನ್ಯಾಗ ಬಸುರಿ ಮಾಡಿದ್ಯಲ್ಲ ನನ್ನ,” ಎಂದು ಮುದುಕ ಗೊಣಗಿದ.

ಬೀಗರು ಕೇಳಿದರು, ತಲೆದೂಗಿದರು. “ಭಾಳ ಗಂಭೀರ ಕೂಸು,” ಎಂದಳು ಹಿರಿಯ ಬೀಗಿತಿ.

ಆಸ್ಪತ್ರೆಯಲ್ಲಿ ಆ ಗಂಭೀರ ಕೂಸಿನ ಬಡಿತ ಅರ್ಧಕ್ಕೆ ಇಳಿದಿದೆಯೆಂದು ಗಂಟೆ ಒಂದೇ ಸಮನೆ ಹೊಡೆಯುತ್ತಿತ್ತು. ಕೈಯಲ್ಲಿದ್ದ ಕಡಬು ಮುಗಿಯುವ ಮೊದಲೇ ಆಂಬುಲೆನ್ಸ್ ಅಂಗಳಕ್ಕೆ ನುಗ್ಗಿತು. ಡಾಕ್ಟರ್ ಓಡಿ ಬಂದು ಪರದೆ ಸರಿಸಿದರೆ, ಮೀಸೆಯ ಬಸುರಿ ಕೈಮುಗಿದ.

ಬೀಗರು ನಕ್ಕು ನಕ್ಕು ಗೋಡೆ ಹಿಡಿದರು. ಡಾಕ್ಟರ್ ನಗಲಿಲ್ಲ. ಮೊದಲು ಪಟ್ಟಿಯನ್ನು ದಾಕ್ಷಾಯಣಿಗೆ ಕಟ್ಟಿ ನೋಡಿದರು. ಕೂಸು ಗಟ್ಟಿಯಾಗಿ ಬಡಿಯುತ್ತಿತ್ತು. ಆಮೇಲೆ ಗಿರಿಮಲ್ಲವ್ವನಿಗೆ ಬೈದರು. ಆಮೇಲೆ ಮುದುಕನ ಬಡಿತದ ಗೆರೆಯನ್ನು ಇನ್ನೊಮ್ಮೆ ನೋಡಿದರು. ಅದು ನಡುನಡುವೆ ತಪ್ಪುತ್ತಿತ್ತು.

“ಅಪ್ಪಾರ, ಮೆಟ್ಟಲಾ ಹತ್ತಿದ್ರ ಎದಿ ಹಿಡಿತೈತೇನ್ರಿ?”

“ಗ್ಯಾಸ್ ಅಂತ ತಿಳಕೊಂಡಿದ್ನ್ರಿ.”

ಆಂಬುಲೆನ್ಸು ಬರಿದೆ ಹೋಗಲಿಲ್ಲ. ಚನಮಲ್ಲಪ್ಪನ ಎದೆಯ ಮುಚ್ಚಿದ ನಾಳವನ್ನು ಆಸ್ಪತ್ರೆಯಲ್ಲಿ ಸಕಾಲಕ್ಕೆ ತೆರೆದರು. ತಿಂಗಳು ತುಂಬಿ ದಾಕ್ಷಾಯಣಿ ಹೆಣ್ಣು ಹೆತ್ತಳು.

ಬಾಣಂತಿಯನ್ನು ನೋಡಲು ಬಂದ ಡಾಕ್ಟರ್ ಹುದ್ದಾರ ಹೆರಿಗೆ ವಾರ್ಡಿನ ಬಾಗಿಲಲ್ಲೇ ನಿಂತುಬಿಟ್ಟರು. ರುಮಾಲು ಸುತ್ತಿದ ಗಂಡಸರು ಸಾಲಾಗಿ ಬೆಂಚಿನ ಮೇಲೆ ಕೂತಿದ್ದರು, ಮುಂದೆ ಗಿರಿಮಲ್ಲವ್ವ.

“ಇದು ಬಸುರಿಯರ ದವಾಖಾನಿ, ಅವ್ವಾರ!”

“ಗೊತ್ತೈತ್ರಿ ಬಾಯಾರ. ಎದಿ ತೋರಿಸ್ಕೋರಿ ಅಂದ್ರ ಒಬ್ರೂ ಹೊಸ್ತಿಲಾ ದಾಟೂದಿಲ್ಲ. ಬಸುರಿ ಪಟ್ಟಿ ಕಟ್ಟತಾರಂತ ಬರ್ರಿ ಅಂದೆ, ನಕ್ಕೋತ ಎಲ್ಲಾರೂ ಅಂಗಿ ಎತ್ಕೊಂಡು ಬಂದಾರ.”