ಪೈಪಿನಲ್ಲಿ ಬಂದ ಕಪ್ಪು ನೀರು

ಸುವರ್ಣಾ ಸಿಂಕಿನ ಮುಂದೆ ನಿಂತು, ಬಾಯೊಳಗೆ ಹಿಡಿಯುವ ಸಣ್ಣ ಕನ್ನಡಿಗಳನ್ನು ಒಂದೊಂದಾಗಿ ಬ್ರಶ್‌ನಿಂದ ತಿಕ್ಕುತ್ತಿದ್ದಳು. ಐಶ್ವರ್ಯ ಅವನ್ನು ಟ್ರೇನಲ್ಲಿ ಜೋಡಿಸುತ್ತಿದ್ದಳು.

ಇಂಡಿ ಬಸ್ ಸ್ಟ್ಯಾಂಡಿನ ಹಿಂದಿರುವ ಈ ಹಲ್ಲಿನ ದವಾಖಾನೆಯಲ್ಲಿ ಐಶ್ವರ್ಯಳ ಅವ್ವ ಸುವರ್ಣಾ ಅಸಿಸ್ಟೆಂಟ್. ಶಾಲೆ ಬಿಟ್ಟ ಮೇಲೆ ಐಶ್ವರ್ಯ ದಿನವೂ ಇಲ್ಲಿಗೇ ಬರುತ್ತಾಳೆ. ಇವತ್ತು ಅವಳ ಆಯಿ ಸಿದ್ದವ್ವಳೂ ಬಂದಿದ್ದಳು. ಅಪ್ಪನ ತಾಯಿಯನ್ನು ಅವಳು ಆಯಿ ಎನ್ನುತ್ತಿದ್ದಳು. ಆಯಿಗೆ ದವಡೆ ಹಲ್ಲಿನ ನೋವು.

ಐಶ್ವರ್ಯಳ ಹೊಟ್ಟೆಯಲ್ಲಿ ಒಂದು ಗುಟ್ಟು ಕುಳಿತಿತ್ತು. ಹುರಿದ ತಂಬಾಕಿನ ಪುಡಿ ಮಿಶ್ರಿಯಿಂದ ಹಲ್ಲು ತಿಕ್ಕಬೇಡಿ, ಬಾಯಿಯ ಕ್ಯಾನ್ಸರ್ ಬರುತ್ತದೆ ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಾಳೆ. ಆಯಿ ಹೋದ ವರ್ಷವೇ ಅದನ್ನು ಬಿಟ್ಟಿದ್ದಾಳೆಂದು ಅವ್ವ ನಂಬಿದ್ದಳು. ಆದರೆ ಈಗಷ್ಟೇ ಆಯಿ ಹಿಂದಿನ ನಳದ ಹತ್ತಿರ ಹೋಗಿ ಮಿಶ್ರಿಯಿಂದಲೇ ಗಸಗಸ ತಿಕ್ಕಿ ಬಂದಿದ್ದಳು.

“ಡಾಕ್ಟರಗ ಹೊಲಸ ಬಾಯಿ ತೋರಸಬೇಕೇನ? ನಿಮ್ಮವ್ವಗ ಹೇಳಬ್ಯಾಡ,” ಎಂದಿದ್ದಳು.

ಆಯಿ ಕುರ್ಚಿಯ ಮೇಲೆ ಒರಗಿದಳು. ಸುವರ್ಣಾ ಅವಳ ಕೊರಳಿಗೆ ಬಟ್ಟೆ ಕಟ್ಟಿದಳು, ಲೈಟು ತಿರುಗಿಸಿದಳು, ಗ್ಲೌಸ್ ಹಾಕಿಕೊಂಡು ಬಾಯೊಳಗಿನ ನೀರು ಎಳೆಯುವ ಪೈಪು ಹಿಡಿದಳು. ಅನಂತ ಡಾಕ್ಟರು ನೀರು ಬಿಟ್ಟರು.

ಪೈಪಿನಲ್ಲಿ ಕಪ್ಪು ನೀರು ಬಂತು.

ಸುವರ್ಣಾಳ ಕೈ ನಿಂತುಬಿಟ್ಟಿತು. “ಅತ್ತಿ, ನೀವು ಬಿಟ್ಟೇನಿ ಅಂದಿದ್ರಿ.”

ಆಯಿ ಬಾಯಿ ತೆರೆದುಕೊಂಡೇ ಕಣ್ಣು ಮುಚ್ಚಿದಳು.

ಡಾಕ್ಟರು ಇನ್ನೊಮ್ಮೆ ನೀರು ಬಿಟ್ಟು ಕನ್ನಡಿಯಿಂದ ಕೆನ್ನೆಯನ್ನು ಸರಿಸಿದರು. ಕಪ್ಪು ತೊಳೆದುಹೋದ ಕಡೆ, ಕೆನ್ನೆಯ ಒಳಗೆ, ದಪ್ಪನೆಯ ಬಿಳಿ ಕಲೆಯೊಂದಿತ್ತು. ಅವ್ವ ಅದನ್ನು ನೋಡಿದಳು. ಅವಳ ಮುಖ ಅಷ್ಟು ಬಿಗಿದದ್ದನ್ನು ಐಶ್ವರ್ಯ ಎಂದೂ ಕಂಡಿರಲಿಲ್ಲ.

ಖಾರ ತಿಂದರೆ ಉರಿಯುತ್ತದೆಯೇ ಎಂದು ಡಾಕ್ಟರು ಕೇಳಿದರು.

“ಏನೂ ಇಲ್ರಿ,” ಎಂದಳು ಆಯಿ. “ಹಲ್ಲಷ್ಟ ಕಿತ್ತ ಕಳಸ್ರಿ.”

ಆಯಿ ಐಶ್ವರ್ಯಳತ್ತ ನೋಡಿ ಕಣ್ಣಲ್ಲೇ ಬೇಡ ಎಂದಳು. ಐಶ್ವರ್ಯ ಗೋಡೆಗೆ ಒತ್ತಿ ನಿಂತಳು. ಹೇಳಿದರೆ ಆಯಿ ಮತ್ತೆ ತನ್ನ ಜೊತೆ ಮಾತಾಡಲಿಕ್ಕಿಲ್ಲ. ಹೇಳದಿದ್ದರೆ ಡಾಕ್ಟರು ಹಲ್ಲು ಕಿತ್ತು ಕಳಿಸಿಬಿಡಬಹುದು.

“ಉರಿತೈತ್ರಿ,” ಎಂದಳು. “ಆಯಿ ಖಾರಾ ಬಿಟ್ಟು ಭಾಳ ದಿನ ಆತ್ರಿ. ರೊಟ್ಟಿ ಹಾಲಾಗ ನೆನಸಿ ತಿಂತಾಳ. ಅವ್ವ ಬರೂದ್ರಾಗ ತಾಟ ತೊಳದ ಇಡತಾಳ.”

ಆಯಿ ಮುಖ ಆಚೆ ತಿರುಗಿಸಿದಳು.

ಡಾಕ್ಟರು ಕನ್ನಡಿ ಕೆಳಗಿಟ್ಟರು. ಹಲ್ಲಿನದು ಆಮೇಲೆ ನೋಡೋಣ ಎಂದರು. ಆ ಕಲೆಯಿಂದ ಒಂದು ಚೂರು ತೆಗೆದು ಟೆಸ್ಟಿಗೆ ವಿಜಯಪುರಕ್ಕೆ ಕಳಿಸಬೇಕು, ರಿಪೋರ್ಟು ಬರುವವರೆಗೆ ಅದು ಏನೆಂದು ಹೇಳಲು ಬರುವುದಿಲ್ಲ ಎಂದರು.

ಈಗ ಅವ್ವ ಬೈಯುತ್ತಾಳೆ ಎಂದು ಐಶ್ವರ್ಯ ಕಾದಳು. ಆಯಿಯನ್ನಾದರೂ ಬೈಯಬೇಕು, ಗುಟ್ಟು ಇಟ್ಟುಕೊಂಡ ತನ್ನನ್ನಾದರೂ ಬೈಯಬೇಕು. ಅವ್ವ ಯಾರನ್ನೂ ಬೈಯಲಿಲ್ಲ. ಹತ್ತಿ ತೆಗೆದುಕೊಂಡು ಆಯಿಯ ಗದ್ದಕ್ಕೆ ಇಳಿದಿದ್ದ ಕಪ್ಪನ್ನು ಮೆಲ್ಲಗೆ ಒರೆಸಿದಳು. ಅದು ಹೋದ ಮೇಲೂ ಒರೆಸುತ್ತಲೇ ಇದ್ದಳು.

ಅವ್ವನಿಗೆ ಸಿಟ್ಟು ಬಂದಿಲ್ಲ, ಅವಳು ಅಂಜಿದ್ದಾಳೆ ಎಂದು ಐಶ್ವರ್ಯಳಿಗೆ ಆಗ ಗೊತ್ತಾಯಿತು. ಅವಳು ಹೋಗಿ ಆಯಿಯ ಕೈ ಹಿಡಿದುಕೊಂಡಳು. ಆಯಿ ಬಿಡಿಸಿಕೊಳ್ಳಲಿಲ್ಲ.

ಚೂರು ತೆಗೆಯುವ ಮೊದಲು ಕೆನ್ನೆ ಮರಗಟ್ಟಿಸಲು ಡಾಕ್ಟರು ಸೂಜಿಗೆ ಔಷಧ ತುಂಬುತ್ತಿದ್ದರು. ಸುವರ್ಣಾ ಹಳೆಯ ಗ್ಲೌಸ್ ಕಳಚಿ ಹೊಸವನ್ನು ಹಾಕಿಕೊಂಡಳು.

“ಸುವರ್ಣಾ, ನನ್ನ ಮನಿಗಿ ಕರಕೊಂಡ ನಡಿಯವ್ವ,” ಎಂದಳು ಆಯಿ.

ಸುವರ್ಣಾ ಲೈಟನ್ನು ಮತ್ತೆ ಅವಳ ಬಾಯಿಯತ್ತ ತಿರುಗಿಸಿದಳು.