ಆರದ ಮೇಣದಬತ್ತಿ

ನಂಬೋದು ಬಿಡೋದು ನಿಮಗೆ ಸೇರಿದ್ದು. ಜಾದೂಗಾರರ ಸಂಘದ ಸಭೆಯಲ್ಲಿ, ಹಾಡಹಗಲೇ, ನಾನು ಮುಂದಿನ ಸಾಲಲ್ಲಿ ಕೂತು ಕಣ್ಣಾರೆ ಕಂಡದ್ದಿದು.

ವೇದಿಕೆ ಮೇಲಿದ್ದವನು ಸಂಘದ ಅಧ್ಯಕ್ಷ, ನಮ್ಮ ಯಜಮಾನರ ಹಳೇ ಜೊತೆಗಾರ. ಹಿಂದಿನ ವರ್ಷ ಇದೇ ವೇದಿಕೆಯಲ್ಲಿ ಅವರನ್ನು ಪೆಟ್ಟಿಗೆಯೊಳಗೆ ಕೂರಿಸಿ ಬೀಗ ಜಡಿದಿದ್ದ. ಅವರು ಒಳಗಿಂದ ಬಡಿಯುತ್ತಿದ್ದರೂ, ಚಪ್ಪಾಳೆ ಇನ್ನಷ್ಟು ಬೀಳಲಿ ಅಂತ ಕೀಲಿಯನ್ನು ಜೇಬಲ್ಲೇ ಇಟ್ಟುಕೊಂಡು ನಗುತ್ತಾ ನಿಂತಿದ್ದ. ತೆಗೆದಾಗ ಉಸಿರಿರಲಿಲ್ಲ. "ಬೀಗ ಕಚ್ಚಿಕೊಂಡಿತ್ತು" ಅಂದ. ಎಲ್ಲರೂ ನಂಬಿದರು.

ಈ ಸಲ ಉರಿಯುವ ಮೇಣದಬತ್ತಿಯ ಮೇಲೆ ಗಾಜಿನ ಜಾಡಿ ಬೋರಲು ಹಾಕಿದ. "ಇದು ಮಂತ್ರ ಅಲ್ಲ, ವಿಜ್ಞಾನ. ಒಳಗಿನ ಗಾಳಿ ಸಾಲದೇ ಹೋದಾಗ ದೀಪ ತಾನಾಗೇ ಆರುತ್ತೆ. ಸರಿಯಾಗಿ ಅದೇ ಹೊತ್ತಿಗೆ ಚಿಟಿಕೆ ಹೊಡೀಬೇಕು, ಅಷ್ಟೇ!"

ಚಿಟಿಕೆ ಹೊಡೆದ. ದೀಪ ಆರಲಿಲ್ಲ. ಮತ್ತೆ ಹೊಡೆದ. ಜ್ವಾಲೆ ಇನ್ನೂ ನೆಟ್ಟಗಾಯಿತು. ಅವನು ಅಂಗಿಯ ಕಾಲರ್ ಸಡಿಲಿಸಿಕೊಂಡ. ಬಾಯಿ ತೆರೆದ, ಮಾತು ಹೊರಡಲಿಲ್ಲ. ಎರಡೂ ಕೈಯಲ್ಲಿ ಜಾಡಿ ಹಿಡಿದು ಎಳೆದ, ಅದು ಕದಲಲಿಲ್ಲ. ಇದೂ ಆಟವೇ ಅಂದುಕೊಂಡು ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಅಂಗೈ ಉರಿಯುವಷ್ಟು.

ಅವನು ಕುಸಿದುಬಿದ್ದಾಗಲೇ ದೀಪ ಆರಿದ್ದು. "ಉಸಿರುಕಟ್ಟಿ ಹೋಗಿದ್ದಾರೆ," ಅಂತ ಹೇಳಿ, ಓಡಿಬಂದ ಡಾಕ್ಟರು ಗಾಳಿಗೆ ಹಾರಾಡುತ್ತಿದ್ದ ಕಿಟಕಿ ಪರದೆಗಳನ್ನೇ ನೋಡುತ್ತಾ ನಿಂತುಬಿಟ್ಟರು.

ಆ ಗದ್ದಲದಲ್ಲಿ ನಾನು ಮೇಲೆ ಹೋಗಿ ಜಾಡಿ ಎತ್ತಿದೆ. ಒಂದೇ ಕೈಗೆ ಬಂತು. ಗಾಜಿನ ಒಳಮೈಗೆ ಉಸಿರಿನ ಮಂಜು ಕಟ್ಟಿತ್ತು. ಅದರಲ್ಲಿ ಒಳಗಿಂದ ಒತ್ತಿದ ಅಂಗೈ ಗುರುತು. ಉಂಗುರದ ಬೆರಳು ಅರ್ಧಕ್ಕೇ ನಿಂತಿತ್ತು. ಯಜಮಾನರು ಆ ಬೆರಳಿನ ಅರ್ಧವನ್ನು ಗರಗಸದ ಆಟದಲ್ಲಿ ಕಳಕೊಂಡಿದ್ದರು.

ಜಾಡಿ ಈಗ ನಮ್ಮನೆಯ ಕಿಟಕಿಯಲ್ಲಿದೆ. ದಿನವೂ ಬಿಸಿಲು ಬೀಳುತ್ತೆ. ಮಂಜು ಇನ್ನೂ ಹಾಗೇ ಇದೆ.