ಫ್ಲೋರಿಕಾಳ ಕೈಗೊಂದು ಬತ್ತಿ

ಒಂದಾನೊಂದು ಕಾಲದಲ್ಲಿ ಎಂದು ಶುರುವಾಗುವ ಕತೆಗಳಲ್ಲಿ ಸತ್ತವರಿಗೆ ಹೆಸರಿರುವುದಿಲ್ಲ. ಹೋಮೋಲ್ಯೆ ಬೆಟ್ಟಗಳ ಈ ಕತೆಯಲ್ಲಿ ಇತ್ತು. ಕೆಟ್ಟದ್ದೇ ಅಲ್ಲಿಂದ.

ಆ ಸೀಮೆಯ ವ್ಲಾಖ ಜನ ಸಾಯುವವರ ಕೈಗೆ ಉರಿಯುವ ಜೇನುಮೇಣದ ಬತ್ತಿ ಕೊಡುತ್ತಾರೆ. ಬತ್ತಿಯಿಲ್ಲದೆ ಸತ್ತವರಿಗೆ ಆಚೆ ಲೋಕದಲ್ಲಿ ಬರೀ ಕತ್ತಲು. ಪೆರ್ಸಿದಾ ಮುದುಕಿಯ ಮಗಳು ಫ್ಲೋರಿಕಾ ಮ್ಲಾವಾ ಹೊಳೆಯಲ್ಲಿ ಮುಳುಗಿ ಹಾಗೆ ಸತ್ತವಳು. ಬೆಲ್‌ಗ್ರೇಡಿನಿಂದ ಬಂದ ಕಾದಂಬರಿಕಾರ್ತಿ ತೆಯೊದೋರಾಳಿಗೆ ಮುದುಕಿ ಅದನ್ನು ಹೇಳಿದ್ದು ಒಂದು ಮಾತಿನ ಮೇಲೆ.

“ಬರ್ಕೊಳ್ಳೇ ತಾಯಿ. ಆದ್ರೆ ನಿನ್ನ ಪುಸ್ತಕದಲ್ಲಾದ್ರೂ ಅವಳ ಕೈಗೊಂದು ಬತ್ತಿ ಕೊಡು. ಮತ್ತೆ ಕತ್ತಲಿಗೆ ತಳ್ಳಿದ್ಯೋ, ಬೆಳಕು ಹುಡುಕ್ಕೊಂಡು ನಿನ್ನ ಹತ್ರಾನೇ ಬರ್ತಾಳೆ.”

“ಆಯ್ತಜ್ಜಿ, ಮಾತು ಕೊಟ್ಟೆ. ಬಂದ್ರೆ ಕಾಫಿ ಕೊಟ್ಟು ಕಳಿಸ್ತೀನಿ,” ಎಂದು ತೆಯೊದೋರಾ ನಕ್ಕಿದ್ದಳು.

ಬರೆಯುವಾಗ ಬತ್ತಿ ಕೊಡಲಿಲ್ಲ. ಬೆಳಕಿನಲ್ಲಿ ಸತ್ತರೆ ಓದುವವರ ಕಣ್ಣಲ್ಲಿ ನೀರೆಲ್ಲಿ ಬರುತ್ತದೆ? ಹೆಸರನ್ನೂ ಬದಲಿಸಲಿಲ್ಲ, ಬೇರಾವ ಹೆಸರೂ ಅಷ್ಟು ಒದ್ದೆಯಾಗಿ ಕೇಳಿಸುತ್ತಿರಲಿಲ್ಲ.

ಪುಸ್ತಕ ಅಂಗಡಿಗೆ ಬಂದ ದಿನ ಅವಳ ಮೇಜಿನ ದೀಪ ಆರಿತು. ಆಮೇಲೆ ಬೀದಿಯ ದೀಪಗಳು, ಅವಳ ಪಾಲಿಗೆ ಮಾತ್ರ. ಎಲ್ಲೋ ಯಾರೋ ಆ ಪುಸ್ತಕ ತೆರೆದಾಗಲೆಲ್ಲ ಕಣ್ಣಂಚು ಒಂದೆಳೆ ಕಪ್ಪಾಗುತ್ತಿತ್ತು. ಹೊಳೆಗೆಸರಿನ ವಾಸನೆ, ಆಗತಾನೇ ನಂದಿದ ಮೇಣದ ವಾಸನೆ ಮೂಗಿಗೆ ಅಡರುತ್ತಿತ್ತು. ವೈದ್ಯರಿಗೆ ಏನೂ ಸಿಗಲಿಲ್ಲ. ಪುಸ್ತಕ ಚೆನ್ನಾಗಿ ಓಡುತ್ತಿತ್ತು.

ಮಟಮಟ ಮಧ್ಯಾಹ್ನ, ಬೇಲಿ ತಡಕುತ್ತ, ಅವಳು ಪೆರ್ಸಿದಾಳ ಅಂಗಳಕ್ಕೆ ಬಂದಳು.

“ಮಾಟ ತೆಗಿ ಅಜ್ಜಿ! ಕ್ಷಮೆ ಮಾತ್ರ ಕೇಳಲ್ಲ. ಬರೆದೋಳು ನಾನು. ಕತೆ ನಂದು.”

“ಕತೆ ನೀನೇ ಇಟ್ಕೊ. ಸಾವು ಅವಳದು. ನನ್ನ ಮಗಳು ಒಂದೇ ಸಲ ಮುಳುಗಿದ್ದು. ನೀನು ಓದೋರು ಓದಿದಷ್ಟು ಸಲ ಮುಳುಗಿಸ್ತಿದ್ದೀಯ. ಮಾಟ ನಾನು ಮಾಡ್ಲಿಲ್ಲ, ನೀನು ಕೊಟ್ಟ ಮಾತು ಮಾಡ್ತು. ಕ್ಷಮೆ ಯಾರಿಗೆ ಬೇಕೇ? ಬತ್ತಿ ಬೇಕು.”

ಹೊಳೆಯ ಸದ್ದು ಅಂಗಳಕ್ಕೆ ಬಂತು. ಪಾದ ತಣ್ಣಗಾಯಿತು. ಬಿಸಿಲು ನೆತ್ತಿ ಸುಡುತ್ತಿತ್ತು; ಕಾಣಲಿಲ್ಲ. ಒದ್ದೆ ಬೆರಳೊಂದು ಎಡರೆಪ್ಪೆಯ ಮೇಲೆ. ಒತ್ತಿತು. ಇನ್ನೊಂದು ಬಲರೆಪ್ಪೆಯನ್ನು ತಡಕುತ್ತಿತ್ತು.

“ಪೆನ್ನು ಕೊಡಜ್ಜಿ!”

“ಹೆದರ್ದ್ಯಾ?”

“ಹೆದರಿ ಅಲ್ಲ. ಮಾತು ಕೊಟ್ಟಿದ್ದೆ.” ಹಲ್ಲು ಕಟಕಟಿಸುತ್ತಿದ್ದವು.

ಮುದುಕಿ ಕೊಟ್ಟ ಪೆನ್ನು ಹಿಡಿದು, ಚೀಲದಿಂದ ಪುಸ್ತಕ ತೆಗೆದಳು. ಕೊನೆಯ ಪುಟ ನೆನೆದಿತ್ತು. ಕುರುಡಾಗಿ, ಸೊಟ್ಟಸೊಟ್ಟಾಗಿ ಬರೆದಳು: ಫ್ಲೋರಿಕಾಳ ಕೈಯಲ್ಲಿ ಬತ್ತಿ ಉರಿಯುತ್ತಿತ್ತು. ಅದೇ ಗಳಿಗೆಯಲ್ಲಿ, ಅಚ್ಚಾದ ಅಷ್ಟೂ ಪ್ರತಿಗಳಲ್ಲಿ ಅದೇ ಸೊಟ್ಟ ಸಾಲು ಮೂಡಿತು.

ಬಲಗಣ್ಣಿನ ಮೇಲಿನ ಬೆರಳು ಸರಿಯಿತು. ಬಿಸಿಲು ನುಗ್ಗಿತು. ಎಡಗಣ್ಣಿನದು ಸುಮ್ಮನೆ ಸರಿಯಲಿಲ್ಲ, ಒಳಗಿದ್ದ ಬೆಳಕನ್ನು ಬೇರುಸಹಿತ ಕಿತ್ತುಕೊಂಡೇ ಹೋಯಿತು.

ಮುದುಕಿ ಮುಖವೆತ್ತಿ ಗಾಳಿ ಮೂಸಿದಳು. ಅಂಗಳದ ತುಂಬ ಉರಿಯುವ ಜೇನುಮೇಣದ ಪರಿಮಳ.

“ಹಚ್ಕೊಂಡ್ಲು ನನ್ನ ಮಗಳು,” ಎಂದಳು.